ಬಳಪದಕ್ಕ ಎಳೆದ ಗೇಟು

ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಮಾಡುವ ಆ ಶೆಡ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಕೆಲಸಗಾರರಿಗೆ, ಗಿರಾಕಿಗಳಿಗೆ, ಎದುರು ಸಾಲಿನ ಅಂಗಡಿಯವರಿಗೆ, ಎಲ್ಲರಿಗೂ ಅವಳು ಬಳಪದಕ್ಕ. ಇಪ್ಪತ್ತೆಂಟು ವರ್ಷ ಅವಳ ಬೆರಳ ಸಂದಿಯಲ್ಲಿ ಬಳಪದ ತುಂಡು ಇಲ್ಲದ ಹಗಲು ಇರಲಿಲ್ಲ. ಗಿರಾಕಿ ಬಂದು ಇಂಥ ಗೇಟು ಬೇಕು ಅಂತ ಗಾಳಿಯಲ್ಲಿ ಕೈಯಾಡಿಸಿದರೆ ಸಾಕು, ಅವಳು ಸಿಮೆಂಟ್ ನೆಲದ ಮೇಲೆ ಮಂಡಿಯೂರಿ ಗೇಟಿನಷ್ಟೇ ಉದ್ದಗಲಕ್ಕೆ ಅದರ ಚಿತ್ರ ಎಳೆದುಬಿಡುವಳು. ಕೆಲಸಗಾರರು ಕಾದ ಸರಳನ್ನು ತಂದು ಆ ಗೆರೆಯ ಮೇಲಿಟ್ಟು ನೋಡಿ ಬಗ್ಗಿಸುವರು. ಗೇಟು ಎದ್ದು ನಿಲ್ಲುವ ಹೊತ್ತಿಗೆ ಬೂಟುಗಾಲುಗಳ ತುಳಿತಕ್ಕೆ ಚಿತ್ರ ಅಳಿಸಿಹೋಗಿರುತ್ತಿತ್ತು. ಉಳಿದ ಪುಡಿಯನ್ನು ಪೊರಕೆ ಗುಡಿಸುತ್ತಿತ್ತು.

ಮದುವೆಯಾದ ಎರಡೇ ವರ್ಷಕ್ಕೆ ಗಂಡನ ಮನೆ ಸಾಕೆನಿಸಿ ಒಂದು ಪೆಟ್ಟಿಗೆ ಹಿಡಿದು ವಾಪಸು ಬಂದವಳು ಅವಳು. ಯಾಕೆ ಬಂದೆ ಅಂತ ಅಪ್ಪ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರುದಿನವೇ ಶೆಡ್ಡಿಗೆ ಹೋಗಿ ಬಳಪ ಎತ್ತಿಕೊಂಡಳು. ಅಪ್ಪ ತೀರಿಕೊಂಡ ಮೇಲೆ ಶೆಡ್ಡು ತಮ್ಮನ ಕೈಗೆ ಬಂತು. ತಮ್ಮ ಕೆಟ್ಟವನಲ್ಲ, ಆದರೆ ಹೊಸದು ಕಂಡರೆ ಕಣ್ಣರಳಿಸುವವನು. ಹಳೆಯದು ಮನೆಯವರದೇ ಆಗಿದ್ದರಂತೂ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಒಂದು ದಿನ ಶೆಡ್ಡಿಗೆ ಕತ್ತರಿಸುವ ಯಂತ್ರ ಬಂತು. ಕಂಪ್ಯೂಟರಿನಲ್ಲಿ ಗೆರೆ ಎಳೆದುಕೊಟ್ಟರೆ ಯಂತ್ರದ ಬೆಂಕಿಮೂತಿ ಆ ಗೆರೆಯ ಮೇಲೆಯೇ ಓಡಿ ಕಬ್ಬಿಣದ ತಗಡನ್ನು ಬೆಣ್ಣೆಯ ಹಾಗೆ ಕೊಯ್ಯುತ್ತಿತ್ತು. ಯಂತ್ರದ ಬೆನ್ನಿಗೇ ತಮ್ಮನ ಅಳಿಯ ಬಂದ. ಮೂರು ತಿಂಗಳು ಯಾವುದೋ ಕೋರ್ಸ್ ಮಾಡಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡೇ ಬಂದಿದ್ದ. ಅವನಿಗಾಗಿ ಗಾಜಿನ ಗೋಡೆಯ ಕೋಣೆ, ತಿರುಗುವ ಕುರ್ಚಿ, ಎರಡು ಪರದೆ ಸಿದ್ಧವಾದವು. ಅಳಿಯ ಓಡಾಡುವ ಜಾಗ ಚೆನ್ನಾಗಿರಲಿ ಅಂತ ತಮ್ಮ ಇಡೀ ನೆಲಕ್ಕೆ ಹಸಿರು ಬಣ್ಣ ಬಳಿಸಿದ. ಕನ್ನಡಿಯಂಥ ಬಣ್ಣ. ಬಳಪದಕ್ಕ ಅಭ್ಯಾಸಬಲದಿಂದ ಮಂಡಿಯೂರಿ ಒಂದು ಗೆರೆ ಎಳೆಯಲು ಹೋದರೆ ಬಳಪ ಜಾರಿತೇ ಹೊರತು ಗೆರೆ ಮೂಡಲಿಲ್ಲ.

"ಇನ್ನು ಅದೆಲ್ಲ ಬೇಡ ಬಿಡಕ್ಕ," ಅಂದ ತಮ್ಮ. ಇಷ್ಟು ವರ್ಷ ಮಂಡಿ ಸವೆಸಿದ್ದು ಸಾಕು, ಬಾಗಿಲ ಹತ್ತಿರ ಕುರ್ಚಿ ಹಾಕಿಸಿದ್ದೇನೆ, ಬಂದು ಹೋಗುವವರ ಹೆಸರು ಬರೆದುಕೊಂಡು ಆರಾಮಾಗಿ ಇರು ಅಂತ ಉಪಚಾರದ ಮಾತಾಡಿದ. ಅವಳಿಗೆ ಐವತ್ತನಾಲ್ಕು. ಆರಾಮ ಬೇಕು ಅಂತ ಅವಳು ಯಾರನ್ನೂ ಕೇಳಿರಲಿಲ್ಲ.

ಆದರೂ ಹೋಗಿ ಕೂತಳು. ಎರಡು ವಾರ ಹೆಸರು ಬರೆದಳು. ಬರೆಯುತ್ತಲೇ ಗಾಜಿನಾಚೆಯ ಪರದೆಯ ಮೇಲೆ ಒಂದು ಕಣ್ಣಿಟ್ಟಿದ್ದಳು.

ಅಷ್ಟರಲ್ಲಿ ಪುಟ್ಟ ಮಕ್ಕಳ ಶಾಲೆಯೊಂದರ ಹೆಡ್ ಮೇಡಂ ಬಂದರು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ, ಮಾತು ಕಡಿಮೆಯ ಹೆಂಗಸು. ಅವರಿಗೆ ಎರಡು ಪಾಲಿನ ದೊಡ್ಡ ಗೇಟು ಬೇಕಿತ್ತು. ಎರಡೂ ಪಾಲು ಸೇರಿದರೆ ಒಂದು ಮರ ಕಾಣಬೇಕು, ಮರದ ತುಂಬ ಹಕ್ಕಿಗಳಿರಬೇಕು. ಮಕ್ಕಳು ದಿನಾ ಗೇಟಿಗೆ ಆತುಕೊಂಡು ನಿಲ್ಲುತ್ತಾರೆ, ಎಲ್ಲೂ ಚೂಪು ಇರಬಾರದು. ಇದಿಷ್ಟನ್ನು ಹೇಳಿ ಮೇಡಂ ಹೊರಟರು.

ಅಳಿಯ ಎಲ್ಲಿಂದಲೋ ಒಂದು ಮರದ ಚಿತ್ರ ಇಳಿಸಿಕೊಂಡ. ಒಂದು ಗುಂಡಿ ಒತ್ತಿದ. ಕಂಪ್ಯೂಟರು ಚಿತ್ರದ ಅಂಚನ್ನು ತಾನೇ ಹುಡುಕಿ ಗೆರೆ ಮಾಡಿಕೊಟ್ಟಿತು. ತಮ್ಮ ಅಳಿಯನ ಹೆಗಲ ಮೇಲೆ ಕೈಯಿಟ್ಟು, ಅಕ್ಕ ಎರಡು ದಿನ ಎಳೆಯುತ್ತಿದ್ದದ್ದನ್ನು ಇವನು ಎರಡು ನಿಮಿಷಕ್ಕೆ ಮುಗಿಸಿದ ಅಂತ ಎಲ್ಲರಿಗೂ ಕೇಳುವ ಹಾಗೆ ಹೊಗಳಿದ. ಬಳಪದಕ್ಕ ಕುರ್ಚಿಯಿಂದೆದ್ದು ಬಂದು ಗಾಜಿನ ಹತ್ತಿರ ನಿಂತಳು. ಒಂದು ಕ್ಷಣ ನೋಡಿದಳು.

"ಹಕ್ಕಿ ಬಿದ್ದುಹೋಗ್ತವೆ," ಅಂದಳು.

ತಮ್ಮ ತಿರುಗಿ ನೋಡಿದ. ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಆಕಾಶ ಅಂತ ಇರುವ ಜಾಗವನ್ನೆಲ್ಲ ಯಂತ್ರ ಕತ್ತರಿಸಿ ತೆಗೆಯುತ್ತದೆ. ಆಕಾಶವೇ ಇಲ್ಲದ ಮೇಲೆ ಅದರ ನಡುವೆ ಹಾರುವ ಹಕ್ಕಿ ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? ಕೊಂಬೆಗೋ ಎಲೆಗೋ ಅದು ಅಂಟಿರಬೇಕಲ್ಲ.

"ಕಂಪ್ಯೂಟರ್ ವಿಷಯ ನಿಂಗೇನು ಗೊತ್ತಕ್ಕ. ಹೋಗಿ ಕೂತ್ಕೋ," ಅಂದ ತಮ್ಮ.

ಅವಳು ಹೋಗಿ ಕೂತಳು. ಯಂತ್ರ ಶುರುವಾಯಿತು. ಒಂದು ಗೇಣು ಓಡುವುದರೊಳಗೆ ನೂರು ಸಲ ತಡವರಿಸಿತು. ತಡವರಿಸಿದಲ್ಲೆಲ್ಲ ಬೆಂಕಿ ನಿಂತು ಅಂಚು ಕರಗಿ ಗಂಟುಗಟ್ಟಿತು. ಕೊನೆಗೆ ತಗಡನ್ನು ಎತ್ತಿದಾಗ ಹನ್ನೊಂದು ಹಕ್ಕಿಗಳೂ ಟಣ್ ಟಣ್ ಅಂತ ಹಸಿರು ನೆಲದ ಮೇಲೆ ಉದುರಿದವು. ಅಕ್ಕ ಮೊದಲೇ ಹೇಳಿದ್ದಳು ಅನ್ನುವುದು ಎಲ್ಲರಿಗೂ ನೆನಪಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮರುದಿನ ಮೇಡಂ ನೋಡಲು ಬಂದವರು, ಮಗು ಸವರುವ ಹಾಗೆ ಕಾಂಡದ ಅಂಚಿನ ಮೇಲೆ ಬೆರಳು ಸವರಿದರು. ಬೆರಳ ತುದಿಯಲ್ಲಿ ರಕ್ತ ಜಿನುಗಿತು. ಅವರು ಕೂಗಾಡಲಿಲ್ಲ. ಬೆರಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಇನ್ನು ಹತ್ತು ದಿನ ನೋಡುತ್ತೇನೆ, ಆಮೇಲೆ ಬೇರೆ ಕಡೆ ಹೋಗುತ್ತೇನೆ ಅಂತಷ್ಟೇ ಹೇಳಿ ಹೋದರು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಬಳಪದಕ್ಕ ಹೆಸರಿನ ಪುಸ್ತಕ ಮುಚ್ಚಿಟ್ಟು ರಸ್ತೆ ದಾಟಿದಳು. ಎದುರಿಗೊಂದು ಸ್ಟಿಕ್ಕರ್ ಅಂಗಡಿ. ಗಾಡಿಗಳ ನಂಬರು, ಗಾಜಿನ ಬಾಗಿಲಿನ ಹೂವು, ಅಂಗಡಿಗಳ ಹೆಸರು ಎಲ್ಲವನ್ನೂ ಬಣ್ಣದ ಅಂಟುಹಾಳೆಯಲ್ಲಿ ಕತ್ತರಿಸಿಕೊಡುತ್ತಿದ್ದ ಅದರ ಒಡತಿ ಇವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಬಾಯಿ ಮಾತ್ರ ಹತ್ತು ಪಟ್ಟು ದೊಡ್ಡದು.

"ನಂಗೆ ಗೆರೆ ಎಳೆಯೋದು ಕಲಿಸು," ಅಂದಳು ಬಳಪದಕ್ಕ.

ಊರಿಗೆಲ್ಲ ಗೆರೆ ಎಳೆದವಳು ನನ್ನ ಹತ್ತಿರ ಬಂದು ಗೆರೆ ಕೇಳುತ್ತೀಯಲ್ಲ ಅಂತ ಸ್ಟಿಕ್ಕರ್ ಅಂಗಡಿಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಅಕ್ಕನ ಮುಖ ನೋಡಿ, ಏನೂ ಕೇಳದೆ ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಮೊದಲ ದಿನದ ಪಾಡು ಕೇಳುವುದೇ ಬೇಡ. ಮೌಸು ಮೇಜಿನ ಅಂಚು ದಾಟಿ ಬೀಳುತ್ತಿತ್ತು. ಬಾಣ ಒಂದು ಕಡೆ, ಅಕ್ಕನ ಕಣ್ಣು ಒಂದು ಕಡೆ. ಪರದೆಯ ಮೇಲಿನ ಪೆನ್ಸಿಲ್ಲಿನ ಗುರುತು ಒತ್ತಿ ನೇರ ಗೆರೆ ಎಳೆಯಲು ಹೋದರೆ ಜ್ವರ ಬಂದವರ ಕೈಬರಹದ ಹಾಗೆ ಬಂತು. ಅವಳು ಹಲ್ಲು ಕಚ್ಚಿದಳು. ಪೆನ್ಸಿಲ್ ಬಿಡು, ಅದು ನಮಗಲ್ಲ ಅಂದಳು ಸ್ಟಿಕ್ಕರ್ ಅಂಗಡಿಯವಳು. ಇಲ್ಲಿ ಕೈ ನಡುಗಿದರೂ ಗೆರೆ ನಡುಗಬಾರದು. ಮೊದಲು ಒಂದು ಚೌಕ ಇಡು, ಒಂದು ವೃತ್ತ ಇಡು, ಅವನ್ನು ಸರಿಸು, ಹಿಗ್ಗಿಸು, ತಿರುಗಿಸು.

ಎರಡನೆಯ ದಿನ ಒಂದರ ಮೇಲೊಂದು ಅರ್ಧ ಕೂತ ಎರಡು ವೃತ್ತಗಳನ್ನು ತೋರಿಸಿದಳು. ಎರಡನ್ನೂ ಕೂಡಿಸಿದರೆ ಮೋಡದ ತುಣುಕು. ಒಂದರಿಂದ ಇನ್ನೊಂದನ್ನು ಕಳೆದರೆ ಬಿದಿಗೆ ಚಂದ್ರ. ಎರಡಕ್ಕೂ ಸೇರಿದ ನಡುವಿನ ಭಾಗವನ್ನಷ್ಟೇ ಉಳಿಸಿಕೊಂಡರೆ ಎಲೆ. ಆ ಎಲೆ ಪರದೆಯ ಮೇಲೆ ಮೂಡಿದಾಗ ಬಳಪದಕ್ಕ ಮೂಗಿನ ತುದಿ ತಾಗುವಷ್ಟು ಹತ್ತಿರ ಬಾಗಿ ನೋಡಿದಳು. ಎರಡು ತುದಿ, ಎರಡು ಹೊಟ್ಟೆ, ಎಲ್ಲೂ ಒಂದು ಕೂದಲೆಳೆಯಷ್ಟು ಸೊಟ್ಟ ಇರಲಿಲ್ಲ.

ಮೂರನೆಯ ದಿನ ಗೆರೆಯ ಒಳಗುಟ್ಟು ತಿಳಿಯಿತು. ಗೆರೆ ಅಂದರೆ ಚುಕ್ಕೆಯಿಂದ ಚುಕ್ಕೆಗೆ ಹೋಗುವ ದಾರಿ. ಪ್ರತಿ ಚುಕ್ಕೆಗೂ ಎರಡು ಸಣ್ಣ ಹಿಡಿಕೆ. ಹಿಡಿಕೆಯನ್ನು ಯಾವ ಕಡೆ ಎಳೆದರೆ ಆ ಕಡೆಗೆ ಗೆರೆ ಬಾಗುತ್ತದೆ, ಎಷ್ಟು ಉದ್ದ ಎಳೆದರೆ ಅಷ್ಟು ದೂರ ಬಾಗುತ್ತದೆ. ಇದನ್ನು ಸ್ಟಿಕ್ಕರ್ ಅಂಗಡಿಯವಳು ಅರ್ಧ ಹೇಳುವಷ್ಟರಲ್ಲೇ ಬಳಪದಕ್ಕ ಕೈ ಎತ್ತಿ ಸಾಕು ಅಂದಳು. ಕಾದ ಸರಳಿನ ತುದಿಯನ್ನು ಇಕ್ಕಳದಲ್ಲಿ ಹಿಡಿದು ಎಲ್ಲಿಂದ ಒತ್ತಿದರೆ ಎಲ್ಲಿ ಬಗ್ಗುತ್ತದೆ ಅನ್ನುವುದನ್ನು ಇಪ್ಪತ್ತೆಂಟು ವರ್ಷ ನೋಡಿದವಳು ಅವಳು. ಇದೂ ಅದೇ, ಸರಳು ಮಾತ್ರ ತಣ್ಣಗಿದೆ.

ಅಳಿಯ ಇಳಿಸಿಕೊಂಡಿದ್ದ ಅದೇ ಚಿತ್ರವನ್ನು ಸ್ಟಿಕ್ಕರ್ ಅಂಗಡಿಯವಳು ಇಂಟರ್ನೆಟ್ಟಿನಲ್ಲಿ ಹುಡುಕಿ, ಅವನ ಹಾಗೆಯೇ ಒಂದು ಗುಂಡಿ ಒತ್ತಿ ಗೆರೆ ಮಾಡಿಸಿ ತೋರಿಸಿದಳು. ಒಂದು ಹಕ್ಕಿಯ ಸುತ್ತ ಇನ್ನೂರ ಹದಿನಾಲ್ಕು ಚುಕ್ಕೆಗಳು ಇರುವೆಯ ಸಾಲಿನ ಹಾಗೆ ಮುತ್ತಿದ್ದವು. ಯಂತ್ರ ಪ್ರತಿ ಚುಕ್ಕೆಗೂ ಮುಗ್ಗರಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಬಳಪದಕ್ಕ ಬೇಡದ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಲು ಕೂತಳು. ಇಪ್ಪತ್ತು ಅಳಿಸುವಷ್ಟರಲ್ಲಿ ಬೇಸರ ಬಂದು ಇಡೀ ಹಕ್ಕಿಯನ್ನೇ ಅಳಿಸಿ ಎಸೆದಳು. ತಲೆಗೊಂದು ವೃತ್ತ ಇಟ್ಟಳು, ಒಡಲಿಗೆ ಒಂದು ಮೊಟ್ಟೆಯಾಕಾರ, ಬಾಲಕ್ಕೆ ಒಂದು ತ್ರಿಕೋನ. ಮೂರನ್ನೂ ಕೂಡಿಸಿ ಒಂದು ಮಾಡಿದಳು. ಕತ್ತಿನ ಮೂಲೆಯ ಚುಕ್ಕೆಯನ್ನು ನಯ ಮಾಡಿ ಹಿಡಿಕೆ ಎಳೆದಳು. ತಲೆಯ ಒಂದು ಚುಕ್ಕೆಯನ್ನು ಹೊರಗೆಳೆದು ಕೊಕ್ಕು ಮಾಡಿ, ಅದರ ತುದಿಯನ್ನೂ ಬಾಲದ ಮೂಲೆಗಳನ್ನೂ ದುಂಡಗಾಗಿಸಿದಳು, ಚೂಪು ಇರಬಾರದು ಅಂದಿದ್ದರಲ್ಲ. ಕಾಲನ್ನು ಅಗಲ ಮಾಡಿ ಕೊಂಬೆಯೊಳಗೆ ಹುಗಿಸಿ, ಕೊಂಬೆಯ ಜೊತೆಗೇ ಒಂದಾಗಿಸಿದಳು. ಹನ್ನೆರಡು ಚುಕ್ಕೆಯ ಹಕ್ಕಿ. ಕೊಂಬೆ ಮುರಿಯದೆ ಅದು ಬೀಳುವ ಹಾಗಿರಲಿಲ್ಲ.

ಅಕ್ಕ ದಿನಾ ರಸ್ತೆ ದಾಟುವುದು ತಮ್ಮನ ಕಿವಿಗೆ ಬಿತ್ತು. ಆರನೆಯ ದಿನ ಅವನು ಬಾಗಿಲಲ್ಲೇ ಅಡ್ಡ ನಿಂತ. ನಮ್ಮ ಶೆಡ್ಡಿನಲ್ಲಿ ಅಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ನೀನು ಸ್ಟಿಕ್ಕರ್ ಅಂಗಡಿಗೆ ಪಾಠಕ್ಕೆ ಹೋದರೆ ನೋಡಿದವರು ಏನಂದುಕೊಳ್ಳಬೇಕು, ಅಳಿಯನ ಮುಖ ಎಲ್ಲಿಡಬೇಕು, ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಯಾಕೆ ಅಂತ ಒಂದೇ ಉಸಿರಿಗೆ ಕೇಳಿದ.

ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಉತ್ತರ ಕೊಟ್ಟಳು. "ಅಳಿಯನ ಮುಖ ಅವನ ಕತ್ತಿನ ಮೇಲೇ ಇರ್ಲಿ, ನಾನೇನು ಕಿತ್ಕೊಂಡಿಲ್ಲ. ನಂಗೆ ಇದೆಲ್ಲ ಯಾಕೆ ಅಂದ್ಯಲ್ಲ, ಈ ಬೀದೀಲಿ ನಡ್ಕೊಂಡು ಹೋಗಿ ನೋಡು. ಅರ್ಧ ಮನೆ ಗೇಟು ನಾನು ಎಳೆದದ್ದು. ಒಂದಾದ್ರೂ ನಂದು ಅಂತ ತೋರಿಸೋಕೆ ನನ್ ಹತ್ರ ಏನಿದೆ? ಎಲ್ಲ ಗುಡಿಸಿ ಆಚೆ ಹಾಕಿದ್ರಿ. ಈ ಸಲದ್ದು ಗುಡಿಸೋಕೆ ಬರಲ್ಲ. ದಾರಿ ಬಿಡು."

ಅವನು ದಾರಿ ಬಿಟ್ಟ. ಬಿಡದಿದ್ದರೆ ಅವಳು ಪಕ್ಕದಿಂದ ತೂರಿಕೊಂಡು ಹೋಗುವವಳೇ ಆಗಿದ್ದಳು.

ಎಂಟನೆಯ ದಿನಕ್ಕೆ ಮರ ಮುಗಿಯಿತು. ಕಾಂಡಕ್ಕೆ ಒಂದು ಉದ್ದ ಚೌಕವನ್ನೇ ಇಟ್ಟು, ಅದರ ಬದಿಗಳಿಗೆ ಚುಕ್ಕೆ ಸೇರಿಸಿ, ಎಳೆದು ಬಳುಕಿಸಿದ್ದಳು. ಪ್ರತಿ ಗೆರೆಯೂ ಹೊರಟಲ್ಲಿಗೇ ಬಂದು ಸೇರಿದೆಯೇ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಒಂದು ಕಡೆ ಕೂದಲಷ್ಟು ಬಿಟ್ಟುಕೊಂಡಿದ್ದರೂ ಅಲ್ಲಿ ತಗಡು ಕಚ್ಚಿಕೊಂಡು ಉಳಿದುಬಿಡುತ್ತದೆ ಅಂತ ಸ್ಟಿಕ್ಕರ್ ಅಂಗಡಿಯವಳು ಎಚ್ಚರಿಸಿದ್ದಳು. ಹಾಗೆ ಬಿಟ್ಟುಕೊಂಡದ್ದು ಎರಡು ಸಿಕ್ಕವು. ಜೋಡಿಸಿದಳು. ಫೈಲನ್ನು ಹೆಬ್ಬೆರಳಿನಷ್ಟು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಶೆಡ್ಡಿಗೆ ಬಂದು ಮೇಜಿನ ಮೇಲಿಟ್ಟಳು. ತಮ್ಮ ಅದನ್ನು ಮುಟ್ಟಿಯೂ ನೋಡಲಿಲ್ಲ. ಅಳಿಯ ಇನ್ನೊಂದು ಮರ ಇಳಿಸಿಕೊಂಡಿದ್ದಾನೆ, ಈ ಸಲ ಸರಿಹೋಗುತ್ತದೆ ಅಂದ. ಅಳಿಯ ತಲೆ ಎತ್ತಲಿಲ್ಲ. ಅವನ ಎರಡನೆಯ ಮರದ ಹಕ್ಕಿಗಳು ಬೆಳಗ್ಗೆಯೇ ಉದುರಿದ್ದವು. ಅವನ್ನು ಮಾವನ ಕಣ್ಣಿಗೆ ಬೀಳದ ಹಾಗೆ ಗುಜರಿಯ ಡಬ್ಬಕ್ಕೆ ಹಾಕಿ ಮೇಲೊಂದು ಗೋಣಿಚೀಲ ಮುಚ್ಚಿದ್ದ.

ಮಾವ ಅಳಿಯ ಇಬ್ಬರೂ ಊಟಕ್ಕೆ ಹೋದರು. ಬಳಪದಕ್ಕ ಗಾಜಿನ ಕೋಣೆಯ ಬಾಗಿಲು ತೆರೆದು ತಿರುಗುವ ಕುರ್ಚಿಯಲ್ಲಿ ಕೂತಳು. ಅವಳ ಭಾರಕ್ಕೆ ಕುರ್ಚಿ ಒಂದು ಸುತ್ತು ತಿರುಗಿ ಗೋಡೆಗೆ ಮುಖ ಮಾಡಿತು. ಕಾಲೂರಿ ತಿರುಗಿಸಿಕೊಂಡು, ಮೇಜಿನ ಮೇಲಿದ್ದ ಪೆನ್ ಡ್ರೈವ್ ಸಿಕ್ಕಿಸಿ ತನ್ನ ಫೈಲು ತೆರೆದಳು.

ಯಂತ್ರಕ್ಕೆ ತಗಡು ಹಾಕುವವನು ಕುಳ್ಳ ಮೇಸ್ತ್ರಿ. ಆರಡಿ ಆಳು, ಕುಳ್ಳ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟನೋ, ಅದೇ ನಿಂತುಬಿಟ್ಟಿತ್ತು. ಅಕ್ಕನ ಬಳಪದ ಗೆರೆಯ ಮೇಲೆ ಅತಿ ಹೆಚ್ಚು ಸರಳು ಬಗ್ಗಿಸಿದವನು ಅವನೇ. ಮೇಸ್ತ್ರೀ, ಗೇಟಿನ ಮೊದಲ ಪಾಲಿಗೆ ಒಂದು ತಗಡು ಹಾಕು ಅಂದಳು ಅವಳು. ಯಜಮಾನರನ್ನು ಕೇಳಿದ್ದೀರಾ ಅಂದ ಅವನು. ಇಲ್ಲ ಅಂದಳು. ಅವನು ಸ್ವಲ್ಪ ಹೊತ್ತು ಕೆನ್ನೆ ಕೆರೆದುಕೊಂಡ. ಆಮೇಲೆ ಕೈಗವಸು ಹಾಕಿಕೊಂಡು ಹೋಗಿ, ಇರುವುದರಲ್ಲೇ ಒಳ್ಳೆಯ ತಗಡನ್ನು ಆರಿಸಿ ತಂದು ಯಂತ್ರದ ಮೇಲೆ ಮಲಗಿಸಿದ.

ಬೆಂಕಿಮೂತಿ ಮೊದಲು ಒಳಗಿನ ಕಿಂಡಿಗಳನ್ನು ಕೊಯ್ದಿತು. ಈ ಸಲ ಅದು ತಡವರಿಸಲಿಲ್ಲ. ಎಲೆಯ ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿಯ ತನಕ ಒಂದೇ ಸದ್ದು. ಕೆಲಸಗಾರರು ಊಟದ ಡಬ್ಬಿ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಆ ಪಾಲು ಅರ್ಧ ಕೊಯ್ದಾಗಿತ್ತು, ಅಷ್ಟರಲ್ಲಿ ತಮ್ಮ ಬಂದ. ಕೋಣೆಯಲ್ಲಿ ಅಕ್ಕ, ಯಂತ್ರದ ಮೇಲೆ ತಗಡು, ಸುತ್ತ ಜನ. ಅವನ ಮುಖ ಕೆಂಪಗಾಯಿತು. ನಿಲ್ಲಿಸಿ ಅಂದ.

"ಈಗ ನಿಲ್ಲಿಸಿದ್ರೆ ತಗಡು ಹಾಳು ಯಜಮಾನ್ರೆ," ಅಂದ ಮೇಸ್ತ್ರಿ. ಕೈ ಮಾತ್ರ ನಿಲ್ಲಿಸುವ ಗುಂಡಿಗೆ ಅಡ್ಡವಾಗಿಯೇ ಇತ್ತು.

ಬಳಪದಕ್ಕ ಕುರ್ಚಿಯಿಂದ ಏಳಲಿಲ್ಲ. ಏನಾದರೂ ಒಂದು ಗೆರೆ ಮುಚ್ಚಿಕೊಂಡಿರದಿದ್ದರೆ ಇವರೆಲ್ಲರ ಎದುರು ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ ಅನ್ನುವುದು ಅವಳ ತಲೆಯಲ್ಲಿತ್ತು. ಆದರೂ ಎದ್ದರೆ ಮತ್ತೆ ಬಾಗಿಲ ಹತ್ತಿರದ ಕುರ್ಚಿಯೇ ಗತಿ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಯಂತ್ರ ನಿಂತಿತು. ತಗಡು ತಣ್ಣಗಾದ ಮೇಲೆ ಮೇಸ್ತ್ರಿ ಮತ್ತು ಇನ್ನಿಬ್ಬರು ಎತ್ತಿ ನಿಲ್ಲಿಸಿದರು. ಕಿಂಡಿಯ ತುಂಡುಗಳು ಬಿದ್ದವು, ಹಕ್ಕಿಗಳು ಬೀಳಲಿಲ್ಲ. ಆ ಪಾಲಿನ ಐದು ಹಕ್ಕಿಗಳೂ ಕೊಂಬೆಯ ಮೇಲೆ ಗಟ್ಟಿಯಾಗಿ ಕೂತಿದ್ದವು. ತಮ್ಮ ಹತ್ತಿರ ಹೋಗಿ ಒಂದು ಹಕ್ಕಿಯ ಬೆನ್ನಿನ ಮೇಲೆ ಬೆರಳು ಸವರಿದ. ಇನ್ನೊಂದು ಸಲ ಸವರಿದ. ಆಮೇಲೆ ಕೈ ತೊಳೆಯಲು ಹೋದ.

ಸಂಜೆ ಅವಳನ್ನು ಪಕ್ಕಕ್ಕೆ ಕರೆದು, ಕೆಲಸ ಚೆನ್ನಾಗಿ ಬಂದಿದೆ ಅಂತ ಒಪ್ಪಿಕೊಂಡ. ಆದರೆ ನಾಳೆ ಮೇಡಂ ಬಂದಾಗ ಇದು ಅಳಿಯ ಮಾಡಿದ್ದು ಅಂತ ಹೇಳೋಣ ಅಂದ. ಮಗಳ ಸಂಸಾರದ ಪ್ರಶ್ನೆ, ಅವನಿಗೂ ಒಂದು ಮರ್ಯಾದೆ ಬೇಡವೇ, ಮನೆಯೊಳಗಿನ ಮಾತು ಮನೆಯೊಳಗೇ ಇದ್ದರೆ ನಿನಗೇನು ನಷ್ಟ ಅಂತ ಮೃದುವಾಗಿ ಕೇಳಿದ. ಅವಳು ಆಗಲಿ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅವಳು ಸುಮ್ಮನಿದ್ದದ್ದನ್ನೇ ಅವನು ಒಪ್ಪಿಗೆ ಅಂದುಕೊಂಡ. ಅದು ಅವನ ತಪ್ಪು.

ಮೇಡಂ ಬಂದರು. ಬೆರಳಿಗೆ ಇನ್ನೂ ಪಟ್ಟಿ ಇತ್ತು. ಗೇಟಿನ ಪಾಲನ್ನು ಮೇಲಿನಿಂದ ಕೆಳಗಿನ ತನಕ ಸವರಿ ನೋಡಿ, ಯಾರು ಎಳೆದದ್ದು ಅಂತ ಕೇಳಿದರು. ನಮ್ಮ ಅಳಿಯಂದಿರು ಅಂದ ತಮ್ಮ.

"ಅಲ್ಲ. ನಾನು ಎಳೆದದ್ದು," ಅಂದಳು ಬಳಪದಕ್ಕ.

ಶೆಡ್ಡಿನಲ್ಲಿ ಬಡಿಯುತ್ತಿದ್ದ ಸುತ್ತಿಗೆಗಳು ನಿಂತವು. ತಮ್ಮ ನಗಲು ನೋಡಿದ, ನಗು ಬರಲಿಲ್ಲ. ಮೇಡಂ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದರು. ಯಾರು ಎಳೆದಿದ್ದರೂ ಸರಿ, ಎರಡನೆಯ ಪಾಲಿನಲ್ಲಿ ನನಗೊಂದು ಬದಲಾವಣೆ ಬೇಕು, ಈಗಲೇ ಮಾಡಿ ತೋರಿಸಬೇಕು ಅಂದರು. ಅವರ ಶಾಲೆಯ ಅತಿ ಚಿಕ್ಕ ಮಗು ನಿಂತರೆ ಕಣ್ಣು ಬರುವ ಎತ್ತರಕ್ಕೆ ಕಾಂಡದಲ್ಲಿ ಒಂದು ದುಂಡು ಕಿಂಡಿ ಬೇಕಿತ್ತು. ಕರೆದುಕೊಂಡು ಹೋಗಲು ಯಾರು ಬಂದರು ಅಂತ ಮಗು ತಾನೇ ನೋಡಬೇಕು. ಕಿಂಡಿಯಲ್ಲಿ ತಲೆ ಸಿಕ್ಕಿಕೊಳ್ಳಬಾರದು.

ತಮ್ಮ ಅಳಿಯನ ಕಡೆ ನೋಡಿದ. ಅಳಿಯ ಕುರ್ಚಿಯಲ್ಲಿ ಕೂತಿದ್ದ. ಮೌಸ್ ಮೇಲೆ ಕೈಯಿಟ್ಟ, ತೆಗೆದ. ಆ ಹುಡುಗನ ಬಗ್ಗೆ ಬಳಪದಕ್ಕ ಆಮೇಲೆ ಯಾವತ್ತೂ ಕೆಟ್ಟದ್ದು ಆಡಲಿಲ್ಲ, ಅದಕ್ಕೆ ಕಾರಣ ಅವನು ಆಗ ಮಾಡಿದ್ದು. ಎದ್ದು ನಿಂತು ಕುರ್ಚಿಯನ್ನು ಅವಳ ಕಡೆ ತಳ್ಳಿದ.

"ನೀವೇ ಬನ್ನಿ ದೊಡ್ಡತ್ತೆ. ಇದು ನಂಗೆ ಬರಲ್ಲ."

ಅವಳು ಕೂತಳು. ಮಗುವಿನ ಎತ್ತರ ಎಷ್ಟು ಅಂತ ಮೇಡಂ ಕೈಯಿಂದ ತೋರಿಸಿದ್ದನ್ನು ಅಳತೆಪಟ್ಟಿ ಹಿಡಿದು ನೋಡಿ, ಪರದೆಯ ಮೇಲೆ ಅಷ್ಟೇ ಎತ್ತರಕ್ಕೆ ಒಂದು ವೃತ್ತ ಇಟ್ಟಳು. ಹಿಡಿ ಅಗಲಕ್ಕೆ ಕುಗ್ಗಿಸಿದಳು. ಕಾಂಡದಿಂದ ಅದನ್ನು ಕಳೆದಳು. ಕಿಂಡಿಯ ಬದಿಯಲ್ಲಿ ಕಾಂಡ ತೀರ ತೆಳ್ಳಗಾಯಿತು ಅನ್ನಿಸಿತು. ಒಂದು ಚುಕ್ಕೆ ಹಿಡಿದು ಹೊರಗೆ ಎಳೆದಳು, ಅಲ್ಲಿ ಕಾಂಡ ಹೊಟ್ಟೆ ತುಂಬಿದ ಹಾಗೆ ಉಬ್ಬಿತು. ಎಲ್ಲ ಸೇರಿ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಮೇಡಂ ತಲೆಯಾಡಿಸಿ, ಗೇಟಿನ ಮೂಲೆಯಲ್ಲಿ ಎಳೆದವರ ಹೆಸರು ಇರಲಿ ಅಂದರು. ಇರುತ್ತೆ ಅಂದಳು ಬಳಪದಕ್ಕ, ತಮ್ಮನ ಕಡೆ ನೋಡದೆ.

ಮೂಲೆಯಲ್ಲಿ ಬಳಪದಕ್ಕ ಅನ್ನುವ ಹೆಸರು ಹೊತ್ತು ಗೇಟು ಶಾಲೆಗೆ ಹೋಗಿ ನಿಂತಿತು. ಮೂರು ವಾರ ತಮ್ಮ ಅವಳೊಡನೆ ಮಾತು ಬಿಟ್ಟ. ಹೇಳಬೇಕಾದ್ದನ್ನೆಲ್ಲ ಮೇಸ್ತ್ರಿಯ ಬಾಯಲ್ಲಿ ಹೇಳಿಸುತ್ತಿದ್ದ. ಎರಡು ಮಾರು ದೂರದಲ್ಲಿ ಕೂತ ಅಕ್ಕನಿಗೆ ಆರಡಿ ಕುಳ್ಳ ಹೋಗಿ ಸುದ್ದಿ ಮುಟ್ಟಿಸಿ, ಉತ್ತರ ತರುವುದನ್ನು ನೋಡಿ ಕೆಲಸಗಾರರು ಮುಸಿಮುಸಿ ನಗುತ್ತಿದ್ದರು. ಅವಳು ಆ ಕುರ್ಚಿ ಬಿಡಲಿಲ್ಲ. ಬಿಡು ಅಂತ ಹೇಳುವ ಧೈರ್ಯ ಯಾರೂ ಮಾಡಲಿಲ್ಲ. ಅಳಿಯ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡು, ಚುಕ್ಕೆ ಅಳಿಸುವುದನ್ನು ಕಲಿಯತೊಡಗಿದ. ಅವಸರದವನು, ಬೇಕಾದ ಚುಕ್ಕೆಯನ್ನೂ ಅಳಿಸಿಬಿಡುತ್ತಿದ್ದ. ಅವಳು ಅವನ ಮಣಿಕಟ್ಟಿಗೆ ಮೆಲ್ಲಗೆ ತಟ್ಟುವಳು.

ನಾಲ್ಕನೆಯ ವಾರ ದೊಡ್ಡ ಆಸ್ಪತ್ರೆಯೊಂದರ ಮೆಟ್ಟಿಲ ಕಂಬಿಯ ಕೆಲಸ ಬಂತು. ನಾಲ್ಕು ಅಂತಸ್ತು, ಉದ್ದಕ್ಕೂ ಒಂದೇ ಬಳ್ಳಿ ಹರಿದುಕೊಂಡು ಹೋಗಬೇಕು. ಎಷ್ಟು ದಿನ ಬೇಕಾಗುತ್ತದಂತೆ ಕೇಳಿಕೊಂಡು ಬಾ ಅಂತ ತಮ್ಮ ಮೇಸ್ತ್ರಿಯನ್ನು ಕಳಿಸಿದ.

"ಕೇಳೋರಿಗೆ ಬಾಯಿದೆ, ಕಾಲಿದೆ. ಅವರೇ ಬಂದು ಕೇಳ್ಲಿ," ಅಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

ಮೇಸ್ತ್ರಿ ಈ ಮಾತನ್ನು ಇದ್ದ ಹಾಗೆಯೇ ಮುಟ್ಟಿಸಿದ. ತಮ್ಮ ಆಸ್ಪತ್ರೆಯವರ ಕಾಗದ ಹಿಡಿದುಕೊಂಡು ಬಹಳ ಹೊತ್ತು ಯಂತ್ರದ ಹತ್ತಿರ ಓಡಾಡಿದ. ಕೊನೆಗೆ ಗಾಜಿನ ಬಾಗಿಲು ತೆರೆದು ಒಳಗೆ ಬಂದು ಅಕ್ಕನ ಕುರ್ಚಿಯ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡ. ಎಷ್ಟು ದಿನ ಆಗಬಹುದಕ್ಕ ಅಂತ ಕೇಳಿದ.

"ಇಪ್ಪತ್ತು ದಿನ," ಅಂದಳು. "ಒಂದು ದಿನ ಕಡಿಮೆ ಅಂದ್ರೂ ಆಗಲ್ಲ. ಕಾಗದ ಅಲ್ಲಿಟ್ಟು ಹೋಗು, ಬೆಳಕಿಗೆ ಅಡ್ಡ ನಿಂತಿದೀಯ."

ಅವನು ಕಾಗದ ಇಟ್ಟು ಹೋದ. ಅವಳು ಬಳ್ಳಿಯ ಮೊದಲ ಚುಕ್ಕೆ ಇಟ್ಟಳು.